ಉರಿಯುವ ಬಾಯಿಗೆ ಆಲ್ಫಾ ಲಿಪೋಯಿಕ್ ಆಮ್ಲವೋ, ಬೇರೆ ದಾರಿಯೋ? ಆರಿಸುವ ಮುನ್ನ ತಿಳಿದಿರಬೇಕಾದದ್ದು

ಅಮ್ಮನ ನಾಲಗೆಯನ್ನು ನಾನು ಟಾರ್ಚ್ ಹಿಡಿದು ನೋಡಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ತುದಿ, ಎರಡೂ ಅಂಚು, ಅಂಗುಳ, ಕೆಳತುಟಿಯ ಒಳಭಾಗ, ಎಲ್ಲವನ್ನೂ ನೋಡಿದ್ದೇನೆ. ಹುಣ್ಣಿಲ್ಲ, ಬಿಳಿ ಪೊರೆಯಿಲ್ಲ, ಕೆಂಪೂ ಇಲ್ಲ. ಆದರೂ ಬೆಳಗ್ಗೆ ಏಳುವಾಗ ತಣ್ಣಗಿರುವ ನಾಲಗೆ ಮಧ್ಯಾಹ್ನದ ಹೊತ್ತಿಗೆ ಚುರುಗುಟ್ಟತೊಡಗಿ, ಸಂಜೆಗೆ ಕುದಿನೀರು ಬಿದ್ದು ಸುಟ್ಟ ಹಾಗೆ ಉರಿಯುತ್ತದೆ. "ಏನೂ ಕಾಣಿಸುತ್ತಿಲ್ಲವಲ್ಲ" ಎಂಬ ಮಾತನ್ನು ಅವಳು ಮೂರು ಕಡೆ ಕೇಳಿಸಿಕೊಂಡು ಬಂದಳು. ಮೂರನೆಯ ಸಲ ಮನೆಗೆ ಬಂದು, "ನನಗೇ ತಲೆ ಕೆಟ್ಟಿದೆಯೇನೋ" ಎಂದಳು. ನಾಲ್ಕನೆಯ ವೈದ್ಯರ ಬಳಿ ಆ ನೋವಿಗೆ ಹೆಸರು ಸಿಕ್ಕಿತು: ಬರ್ನಿಂಗ್ ಮೌತ್ ಸಿಂಡ್ರೋಮ್.

ಹೆಸರು ಸಿಕ್ಕಿದ ಮೇಲೆ ಸಲಹೆಗಳೂ ಬರತೊಡಗಿದವು. ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬಿದ್ದದ್ದು ಆಲ್ಫಾ ಲಿಪೋಯಿಕ್ ಆಮ್ಲದ ಹೆಸರು. ಆ್ಯಂಟಿಆಕ್ಸಿಡೆಂಟ್ ಅಂತೆ, ಔಷಧವೇ ಅಲ್ಲವಂತೆ, ಅಡ್ಡಪರಿಣಾಮವಿಲ್ಲವಂತೆ, ನೂರಕ್ಕೆ 97 ಮಂದಿಗೆ ಗುಣ ಕಂಡಿದೆಯಂತೆ. ಆ 97 ಎಲ್ಲಿಂದ ಬಂತು, ಅದರ ನಂತರ ಏನಾಯಿತು, ಅದರ ಪಕ್ಕದಲ್ಲಿ ನಿಲ್ಲಬಲ್ಲ ಬೇರೆ ಚಿಕಿತ್ಸೆಗಳು ಯಾವುವು ಎಂದು ನಾನು ತಿಂಗಳುಗಟ್ಟಲೆ ಓದಿದೆ. ನಾನು ವೈದ್ಯೆಯಲ್ಲ. ಉರಿ ತಡೆಯಲಾರದೆ ರಾತ್ರಿ ಒಂಬತ್ತಕ್ಕೆ ಅಳುತ್ತಾ ಕುಳಿತವಳ ಮಗಳು. ಅದೇ ಕವಲುದಾರಿಯಲ್ಲಿ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆಯ ಮಾತಿಗೆ ಮುನ್ನ

ಬಾಯಿ ಉರಿದದ್ದೆಲ್ಲ ಬರ್ನಿಂಗ್ ಮೌತ್ ಸಿಂಡ್ರೋಮ್ ಆಗುವುದಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ, ಪ್ರತಿದಿನ, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಉರಿಯಿದ್ದು, ಬಾಯಿಯೊಳಗೆ ಅದಕ್ಕೆ ತಕ್ಕ ಗಾಯವಾಗಲಿ ಬೇರೆ ಕಾರಣವಾಗಲಿ ಸಿಗದಿದ್ದಾಗ ಮಾತ್ರ ಆ ಹೆಸರು. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚು. ಜೊತೆಗೆ ಬಾಯಿ ಒಣಗಿದ ಹಾಗೆ ಅನಿಸುವುದು, ಲೋಹದ ರುಚಿಯೋ ಕಹಿಯೋ ಅಂಟಿಕೊಂಡಿರುವುದೂ ಸಾಮಾನ್ಯ. ಇನ್ನೊಂದು ಸುಳಿವನ್ನು ಅಮ್ಮನಲ್ಲಿ ನಾನೇ ಕಂಡೆ: ಊಟ ಮಾಡುತ್ತಿರುವಷ್ಟು ಹೊತ್ತು ಉರಿ ಇಳಿಯುತ್ತದೆ. ಹುಣ್ಣೋ ಸೋಂಕೋ ಇದ್ದರೆ ತಿನ್ನುವಾಗಲೇ ಉರಿ ಏರಬೇಕಿತ್ತು.

ಇದೇ ಉರಿಯನ್ನು ತರಬಲ್ಲ, ಆದರೆ ಸುಲಭವಾಗಿ ಸರಿಪಡಿಸಬಹುದಾದ ಕಾರಣಗಳ ಪಟ್ಟಿ ಉದ್ದವಿದೆ. ಕಬ್ಬಿಣಾಂಶ, ಬಿ12, ಫೋಲೇಟ್, ಸತುವಿನ ಕೊರತೆ. ಹತೋಟಿಯಲ್ಲಿಲ್ಲದ ಮಧುಮೇಹ. ಥೈರಾಯ್ಡ್ ಕುಗ್ಗಿರುವುದು. ಬಾಯಿಯ ಶಿಲೀಂಧ್ರ ಸೋಂಕು. ಇದು ಯಾವಾಗಲೂ ಬಿಳಿ ಪೊರೆಯಾಗಿಯೇ ಕಾಣಬೇಕೆಂದಿಲ್ಲ, ತೆಳು ಕೆಂಪಾಗಿ ಕಣ್ತಪ್ಪಬಹುದು. ಸರಿಯಾಗಿ ಕೂರದ ಹಲ್ಲಿನ ಸೆಟ್ಟು. ಹೊಸ ಟೂತ್‌ಪೇಸ್ಟಿನ ನೊರೆ ಬರಿಸುವ ಅಥವಾ ಪರಿಮಳದ ಅಂಶ. ಹೊಟ್ಟೆಯ ಆಮ್ಲ ಮೇಲೆ ಬರುವುದು. ಜೊತೆಗೆ, ತುಂಬ ಮಂದಿ ಊಹಿಸದ ಒಂದು ಕಾರಣ: ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ಕ್ಯಾಪ್ಟೊಪ್ರಿಲ್ ಜಾತಿಯ ಮಾತ್ರೆಗಳು. ಇವುಗಳಿಂದ ಉರಿ ಬಂದಿದ್ದರೆ ವೈದ್ಯರು ಬೇರೆ ಜಾತಿಯ ಮಾತ್ರೆಗೆ ಬದಲಿಸಿದಾಗ ಇಳಿಯಬಹುದು. ನೀವಾಗಿಯೇ ನಿಲ್ಲಿಸುವುದು ಬೇಡ.

ಉರಿ ಒಂದೇ ಬದಿಗೆ ಸೀಮಿತವಾಗಿದ್ದರೆ, ಮರಗಟ್ಟುವಿಕೆ ಇದ್ದರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಬಿಳಿ ಅಥವಾ ಕೆಂಪು ಮಚ್ಚೆಯೋ ಇದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ವೈದ್ಯರ ಬಳಿಗೆ ಹೋಗಿ.

ರಕ್ತಪರೀಕ್ಷೆ ಮಾಡಿಸದೆ ನೇರವಾಗಿ ಲಿಪೋಯಿಕ್ ಆಮ್ಲ ಶುರುಮಾಡಿ, ಎಂಟು ತಿಂಗಳಾದ ಮೇಲೆ ಬಿ12 ಪಾತಾಳದಲ್ಲಿದೆ ಎಂದು ಗೊತ್ತಾದವರೊಬ್ಬರು ನಮ್ಮ ಪರಿಚಯದಲ್ಲೇ ಇದ್ದಾರೆ. ಆ ಎಂಟು ತಿಂಗಳ ಉರಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನೂರಕ್ಕೆ 97ರ ಕಥೆ

ಲಿಪೋಯಿಕ್ ಆಮ್ಲವನ್ನು 1951ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಲೆಸ್ಟರ್ ರೀಡ್ ಮತ್ತು ಸಂಗಡಿಗರು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಟನ್ನುಗಟ್ಟಲೆ ದನದ ಯಕೃತ್ತಿನಿಂದ ಅವರ ಕೈಗೆ ಸಿಕ್ಕಿದ್ದು ಸುಮಾರು 30 ಮಿಲಿಗ್ರಾಂ, ಒಂದು ಚಿಟಿಕೆಗೂ ಕಡಿಮೆ. ಗಂಧಕವಿರುವ ಈ ಪುಟ್ಟ ಕೊಬ್ಬಿನಾಮ್ಲವನ್ನು ನಮ್ಮ ದೇಹವೇ ತಯಾರಿಸುತ್ತದೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಆಹಾರದಿಂದ ಶಕ್ತಿ ತೆಗೆಯುವ ಕಿಣ್ವಗಳಿಗೆ ಅದು ಬೇಕೇ ಬೇಕು. ನೀರಿನಲ್ಲೂ ಕೊಬ್ಬಿನಲ್ಲೂ ಕೆಲಸಮಾಡುತ್ತದೆ, ಗ್ಲುಟಾಥಯೋನ್‌ನಂತಹ ದೇಹದ ಸ್ವಂತ ರಕ್ಷಕಗಳನ್ನು ಮರಳಿ ತುಂಬಿಸುತ್ತದೆ. ಮಧುಮೇಹದಿಂದ ಕಾಲಿನ ನರಗಳು ಹಾಳಾಗಿ ಉರಿಯುವವರಿಗೆ ಜರ್ಮನಿಯಲ್ಲಿ ಇದನ್ನು ದಶಕಗಳಿಂದ ಕೊಡುತ್ತಿದ್ದಾರೆ.

ಬಾಯಿಗೂ ಇದಕ್ಕೂ ನಂಟು ಹುಟ್ಟಿದ್ದು ಅಲ್ಲಿಂದಲೇ. 2005ರಲ್ಲಿ ಇಟಲಿಯ ಸಂಶೋಧಕರು ಬಾಯಿ ಉರಿಯ ರೋಗಿಗಳ ನಾಲಗೆಯಿಂದ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೇಲ್ಪದರದ ಸಣ್ಣ ನರದ ಎಳೆಗಳು ಆರೋಗ್ಯವಂತರಿಗಿಂತ ಗಣನೀಯವಾಗಿ ಕಡಿಮೆಯಿದ್ದವು. ಕನ್ನಡಿಯಲ್ಲಿ ಕಾಣದ ಗಾಯ ನರದ ತುದಿಯಲ್ಲಿತ್ತು. ಅಮ್ಮನಿಗೆ ಇದನ್ನು ಓದಿ ಹೇಳಿದ ದಿನ ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ತನ್ನ ನೋವು ನಿಜವೆಂದು ಯಾರೋ ಗಾಜಿನ ಪಟ್ಟಿಯ ಮೇಲಿಟ್ಟು ತೋರಿಸಿದ್ದಾರೆ ಎಂಬ ಸಮಾಧಾನವೇ ಅವಳಿಗೆ ಅರ್ಧ ಔಷಧವಾಗಿತ್ತು.

ಇನ್ನು ಪ್ರಯೋಗಗಳ ವಿಚಾರ. 2002ರಲ್ಲಿ ಫೆಮಿಯಾನೊ ಮತ್ತು ಸ್ಕಲ್ಲಿ ಎಂಬ ಸಂಶೋಧಕರು 60 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 600 ಮಿಲಿಗ್ರಾಂ ಲಿಪೋಯಿಕ್ ಆಮ್ಲವನ್ನು, ಇನ್ನೊಂದಕ್ಕೆ ಹುಸಿ ಮಾತ್ರೆಯನ್ನು, ಅಂದರೆ ನೋಡಲು ಹಾಗೆಯೇ ಇದ್ದು ಒಳಗೆ ಔಷಧವಿಲ್ಲದ ಮಾತ್ರೆಯನ್ನು, ಎರಡು ತಿಂಗಳು ಕೊಟ್ಟರು. ನಿಜ ಮಾತ್ರೆಯವರಲ್ಲಿ ಶೇ 97 ಮಂದಿ ಸುಧಾರಿಸಿದರು. ಎಲ್ಲರ ಬಾಯಲ್ಲಿರುವ 97 ಇದೇ. ಆದರೆ ಅದೇ ಪ್ರಯೋಗದಲ್ಲಿ ಹುಸಿ ಮಾತ್ರೆ ನುಂಗಿದವರಲ್ಲೂ ಶೇ 40 ಮಂದಿ ಸುಧಾರಿಸಿದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಏಳು ವರ್ಷಗಳ ನಂತರ, 2009ರಲ್ಲಿ, ಒಂದೇ ವರ್ಷ ಮೂರು ಪ್ರಯೋಗಗಳು ಹೊರಬಂದವು. ಇಟಲಿಯಲ್ಲಿ 66 ಮಂದಿಯ ಮೇಲೆ ನಡೆದದ್ದರಲ್ಲಿ ಮೂರು ಗುಂಪು: ದಿನಕ್ಕೆ 400 ಮಿಲಿಗ್ರಾಂ ಲಿಪೋಯಿಕ್ ಆಮ್ಲ, ಅದರೊಂದಿಗೆ ವಿಟಮಿನ್‌ಗಳು, ಮತ್ತು ಹುಸಿ ಮಾತ್ರೆ. ಎಂಟು ವಾರ ಕಳೆದಾಗ ನೋವು ಅರ್ಧಕ್ಕರ್ಧ ಇಳಿದವರು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಶೇ 30. ಬ್ರೆಜಿಲ್‌ನಲ್ಲಿ 38 ಮಂದಿಗೆ ಮೊದಲು ಒಂದು, ಸ್ವಲ್ಪ ಬಿಡುವಿನ ನಂತರ ಇನ್ನೊಂದು, ಹೀಗೆ ಅದಲುಬದಲು ಮಾಡಿ ಕೊಟ್ಟರು. ಅಲ್ಲೂ ವ್ಯತ್ಯಾಸ ಕಾಣಲಿಲ್ಲ. ಸ್ಪೇನ್‌ನಲ್ಲಿ ಪ್ರಮಾಣವನ್ನು 800 ಮಿಲಿಗ್ರಾಂಗೆ ಏರಿಸಿ ನೋಡಿದರು. ಹುಸಿ ಮಾತ್ರೆಗಿಂತ ಮೇಲೆಂದು ತೋರಿಸಲಾಗಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. ಆದರೆ 2015ರ ಇನ್ನೊಂದು ಪ್ರಯೋಗದಲ್ಲಿ 60 ಮಂದಿಗೆ ಮತ್ತೆ 600 ಮಿಲಿಗ್ರಾಂ ಕೊಟ್ಟಾಗ ಶೇ 64 ಮಂದಿ ಒಂದಿಷ್ಟಾದರೂ ಸುಧಾರಿಸಿದರು, ಹುಸಿ ಮಾತ್ರೆಯವರಲ್ಲಿ ಸುಮಾರು ಶೇ 28. ಅದಕ್ಕೂ ಮುನ್ನ 2011ರಲ್ಲಿ 120 ಮಂದಿಯ ಮೇಲೆ ನಡೆದ ಪ್ರಯೋಗ ಲಿಪೋಯಿಕ್ ಆಮ್ಲವನ್ನು ನರನೋವಿನ ಗ್ಯಾಬಾಪೆಂಟಿನ್ ಜೊತೆ ಕೂಡಿಸಿ ನೋಡಿತ್ತು. ಎರಡೂ ಸೇರಿದಾಗ ಶೇ 70 ಮಂದಿಗೆ ಗುಣ, ಲಿಪೋಯಿಕ್ ಒಂದರಿಂದಲೇ 55, ಗ್ಯಾಬಾಪೆಂಟಿನ್ ಒಂದರಿಂದಲೇ 50, ಹುಸಿ ಮಾತ್ರೆಯಿಂದ 15.

ಇಷ್ಟೊಂದು ಭಿನ್ನ ಫಲಿತಾಂಶ ಹೇಗೆ? ಪ್ರಮಾಣ ಕಡಿಮೆಯಾದದ್ದೇ ಕಾರಣ ಎನ್ನುವಂತಿಲ್ಲ, 800 ಕೊಟ್ಟಲ್ಲೂ ಫಲ ಸಿಕ್ಕಿಲ್ಲ. ನನ್ನ ಓದಿನಲ್ಲಿ ಮುಖ್ಯ ಕಾರಣ ಅಳತೆಯದು. "ಸ್ವಲ್ಪ ಮೇಲು" ಎಂದವರನ್ನೂ ಗುಣವಾದವರ ಲೆಕ್ಕಕ್ಕೆ ಸೇರಿಸಿದ ಪ್ರಯೋಗಗಳಲ್ಲಿ ಅಂಕಿ ಮೇಲೇರಿದೆ. ನೋವು ಅರ್ಧಕ್ಕಿಳಿಯಬೇಕು ಎಂದು ಬಿಗಿ ಹಿಡಿದಲ್ಲಿ ಕೆಳಗಿಳಿದಿದೆ. ಗುಂಪುಗಳೆಲ್ಲ ಚಿಕ್ಕವು, ಅವಧಿ ಎರಡೇ ತಿಂಗಳು, ನಡುವೆ ಬಿಟ್ಟುಹೋದವರೂ ಇದ್ದಾರೆ. 2016ರಲ್ಲಿ, ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶಕರು ಈ ಕಾಯಿಲೆಯ ಎಲ್ಲ ಚಿಕಿತ್ಸೆಗಳ 23 ಪ್ರಯೋಗಗಳನ್ನು, ಒಟ್ಟು 1,121 ರೋಗಿಗಳ ಮಾಹಿತಿಯನ್ನು ಒರೆಗೆ ಹಚ್ಚಿದರು. ಪೂರಕ ಮಾತ್ರೆಗಳ ಬಗ್ಗೆ ಅವರ ತೀರ್ಪು: ಪುರಾವೆ ಸಾಲದು, ಇರುವುದೂ ಒಂದಕ್ಕೊಂದು ವಿರುದ್ಧ.

ಹುಸಿ ಮಾತ್ರೆಯೇ ಇಷ್ಟು ಕೆಲಸ ಮಾಡಿದರೆ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಯ್ಕೆಯ ಗುಟ್ಟು ಇರುವುದೇ ಇಲ್ಲಿ. 2014ರ ಒಂದು ಪರಾಮರ್ಶೆ ಬಾಯಿ ಉರಿಯ ಪ್ರಯೋಗಗಳಲ್ಲಿ ಹುಸಿ ಮಾತ್ರೆಯ ಪಾತ್ರವನ್ನಷ್ಟೇ ಲೆಕ್ಕಹಾಕಿತು. ನಿಜ ಔಷಧದಿಂದ ಆದ ಇಳಿಕೆಯ ಸುಮಾರು ಶೇ 72ರಷ್ಟು ಇಳಿಕೆ ಹುಸಿ ಮಾತ್ರೆಯಿಂದಲೇ ಬಂದಿತ್ತು.

ಇದನ್ನು ಓದಿ "ಹಾಗಾದರೆ ನೋವೂ ಸುಳ್ಳು" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಹುಸಿ ಮಾತ್ರೆಗೆ ಇಳಿಯುವ ನೋವೂ ನಿಜವಾದ ನೋವೇ. ಭರವಸೆಯಿಂದ ಇಳಿದದ್ದು ಅದರಲ್ಲಿ ಒಂದು ಪಾಲು. ಇನ್ನೊಂದು ಪಾಲು ಇದಕ್ಕಿಂತ ಸರಳವಾದದ್ದು, ಅದನ್ನು ನಾನು ಅಮ್ಮನ ನೋಟುಪುಸ್ತಕದಲ್ಲಿ ಕಣ್ಣಾರೆ ಕಂಡೆ.

ಲಿಪೋಯಿಕ್ ಆಮ್ಲದ ಡಬ್ಬಿ ಮನೆಗೆ ಬಂದ ವಾರ ಅವಳ ಉರಿ ಹತ್ತಕ್ಕೆ ಎಂಟು. ಸಹಿಸಲಾಗದೆಯೇ ತಾನೇ ಡಬ್ಬಿ ತರಿಸಿದ್ದು! ಆದರೆ ವೈದ್ಯರು, "ಎರಡು ವಾರ ಏನೂ ಶುರುಮಾಡಬೇಡಿ, ಬರೀ ಬರೆದಿಡಿ" ಎಂದಿದ್ದರು. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಸುತ್ತನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟೆವು. ಎಂಟು, ಎಂಟು, ಏಳು, ಎಂಟು, ಏಳು, ಆರು, ಏಳು, ಆರು. ಹದಿನಾಲ್ಕನೆಯ ದಿನ ರಾತ್ರಿಯ ಅಂಕೆ ಆರು. ಮೊದಲ ದಿನವೇ ಡಬ್ಬಿ ಒಡೆದಿದ್ದರೆ, ಆ ಎರಡು ಅಂಕೆಯ ಇಳಿಕೆಯನ್ನು ನಾವೆಲ್ಲ ಕೈಮುಗಿದು ಮಾತ್ರೆಯ ಖಾತೆಗೆ ಬರೆಯುತ್ತಿದ್ದೆವು. ಏರಿಳಿಯುವ ನೋವಿನಲ್ಲಿ ಜನ ಹೊಸ ಔಷಧ ಹುಡುಕುವುದು ಏರಿದ ದಿನವೇ. ಆಮೇಲೆ ಅದು ಇಳಿಯಲೇಬೇಕು.

ಲಿಪೋಯಿಕ್ ಆಮ್ಲ ನಿರಪಾಯವೇ?

ಬಹುಪಾಲು ಮಂದಿಗೆ 600 ಮಿಲಿಗ್ರಾಂ ಹೆಚ್ಚು ತೊಂದರೆ ಕೊಡುವುದಿಲ್ಲ. ಎದೆಯುರಿ, ವಾಕರಿಕೆ, ಕೆಲವೊಮ್ಮೆ ಚರ್ಮದಲ್ಲಿ ದದ್ದು. ಪ್ರಮಾಣ ಏರಿಸಿದರೆ ಫಲವೂ ಏರುತ್ತದೆಂದು ಭಾವಿಸಬೇಡಿ. ಮಧುಮೇಹದ ನರನೋವಿನ 181 ರೋಗಿಗಳಿಗೆ 600, 1,200, 1,800 ಮಿಲಿಗ್ರಾಂ ಕೊಟ್ಟು ಹೋಲಿಸಿದ 2006ರ ಪ್ರಯೋಗದಲ್ಲಿ ಪ್ರಮಾಣದೊಂದಿಗೆ ಏರಿದ್ದು ವಾಕರಿಕೆ, ವಾಂತಿ, ತಲೆಸುತ್ತು. ಲಾಭ ಮತ್ತು ತೊಂದರೆಯನ್ನು ತೂಗಿದಾಗ 600 ಮಿಲಿಗ್ರಾಂ ಮೇಲೆಂದು ಕಂಡಿತು. ಊಟದೊಂದಿಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮುನ್ನ ತೆಗೆದುಕೊಳ್ಳುವುದು ರೂಢಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು. ಥೈರಾಯ್ಡ್ ಮಾತ್ರೆ ನುಂಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ಅಪರೂಪದ ಅಪಾಯವಿದೆ: ಕೆಲವು ಅನುವಂಶಿಕ ಗುಣವಿರುವವರಲ್ಲಿ ದೇಹ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಹುಟ್ಟಿಸಿಕೊಂಡು, ಮಧುಮೇಹವೇ ಇಲ್ಲದವರಿಗೂ ಸಕ್ಕರೆ ಏಕಾಏಕಿ ಕುಸಿಯಬಹುದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಈ ಬಗ್ಗೆ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಮಾತ್ರೆ ಶುರುಮಾಡಿದ ವಾರಗಳಲ್ಲಿ ಕಾರಣವಿಲ್ಲದೆ ಬೆವರು, ನಡುಕ, ಎದೆಬಡಿತ, ಮಂಕು ಕವಿದ ಹಾಗಾಗುವುದು ಕಂಡರೆ ನಿಲ್ಲಿಸಿ ತಕ್ಷಣ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಮ್ಮೆಲೇ ಬಹಳಷ್ಟು ನುಂಗಿದವರಿಗೆ ಫಿಟ್ಸ್ ಬಂದದ್ದಿದೆ, ಸಾವೂ ಆಗಿದೆ.

ಪೂರಕ ಮಾತ್ರೆ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಔಷಧದ ಕೆಲಸ ಮಾಡುವುದಿಲ್ಲ ಎಂದಲ್ಲ. ಅಮ್ಮ ವೈದ್ಯರಿಗೆ ತನ್ನ ಮಾತ್ರೆಗಳ ಪಟ್ಟಿ ಹೇಳುವಾಗ ಇದನ್ನು ಬಿಟ್ಟೇ ಹೇಳುತ್ತಿದ್ದಳು. ಚೀಟಿಯಲ್ಲಿ ಬರೆದು ಕಳುಹಿಸತೊಡಗಿದ ಮೇಲೆ ಆ ತಪ್ಪು ನಿಂತಿತು.

ಎದುರಿಗಿರುವ ದಾರಿಗಳು

ಮೊದಲನೆಯದು ಕ್ಲೋನಾಜೆಪಾಮ್, ನರಗಳನ್ನು ಶಾಂತಗೊಳಿಸುವ ಬೆಂಜೊಡಯಾಜೆಪೈನ್ ಜಾತಿಯ ಮಾತ್ರೆ, ಆದರೆ ನುಂಗುವುದಕ್ಕಲ್ಲ. ಫ್ರಾನ್ಸಿನಲ್ಲಿ 48 ರೋಗಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದ ವಿಧಾನ ಹೀಗಿತ್ತು: ಒಂದು ಮಿಲಿಗ್ರಾಂ ಮಾತ್ರೆಯನ್ನು ಬಾಯಲ್ಲಿಟ್ಟು, ಕರಗಿದ ಎಂಜಲನ್ನು ಉರಿಯುವ ಜಾಗದಲ್ಲಿ ಮೂರು ನಿಮಿಷ ನುಂಗದೆ ಹಿಡಿದುಕೊಂಡು, ಉಗುಳಿಬಿಡುವುದು. ದಿನಕ್ಕೆ ಮೂರು ಸಲ, ಎರಡು ವಾರ. ಹತ್ತರ ಅಳತೆಯಲ್ಲಿ ನೋವು ಸರಾಸರಿ 2.4 ಇಳಿಯಿತು, ಹುಸಿ ಮಾತ್ರೆಯಲ್ಲಿ 0.6 ಮಾತ್ರ. ಕಾಕ್ರೇನ್ ಪರಾಮರ್ಶೆಯಲ್ಲಿ ಅಲ್ಪಾವಧಿಗೂ ದೀರ್ಘಾವಧಿಗೂ ಸ್ವಲ್ಪ ಲಾಭದ ಸೂಚನೆ ಕಂಡ ಒಂದೇ ಒಂದು ಚಿಕಿತ್ಸೆ ಈ ಬಾಯಲ್ಲಿ ಹಿಡಿಯುವ ಬೆಂಜೊಡಯಾಜೆಪೈನ್ ಜಾತಿ. ಪುರಾವೆಯ ಗುಣಮಟ್ಟ ಇಲ್ಲೂ ತೀರಾ ಕೆಳಮಟ್ಟದ್ದೇ ಎಂದು ಅವರು ಬರೆದಿದ್ದಾರೆ. ಮೂರು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಗೋಡೆ ಗಡಿಯಾರದ ಕೆಳಗೆ ಕೆನ್ನೆ ಉಬ್ಬಿಸಿಕೊಂಡು ನಿಂತ ಅಮ್ಮನನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು. ಉಗುಳಿದರೂ ಸ್ವಲ್ಪ ಒಳಗೆ ಸೇರಿಯೇ ಸೇರುತ್ತದೆ. ತೂಕಡಿಕೆ ಬರಬಹುದು, ವಯಸ್ಸಾದವರು ರಾತ್ರಿ ಎದ್ದಾಗ ಬೀಳಬಹುದು, ಅಭ್ಯಾಸವಾಗಬಹುದು, ಏಕಾಏಕಿ ನಿಲ್ಲಿಸುವುದೂ ಸರಿಯಲ್ಲ. ವೈದ್ಯರ ಚೀಟಿಯಿಲ್ಲದೆ ಯೋಚಿಸಲೇಬೇಡಿ. ಮದ್ಯ ಸೇವಿಸುವವರಿಗೂ ಅಫೀಮು ಜಾತಿಯ ನೋವುಮಾತ್ರೆ ತೆಗೆದುಕೊಳ್ಳುವವರಿಗೂ ಇದು ಅಪಾಯಕಾರಿ.

ಗ್ಯಾಬಾಪೆಂಟಿನ್ ನರನೋವಿಗೆ ಹಳೆಯ ಪರಿಚಯ. ತಲೆಸುತ್ತು, ಮಂಪರು ಇದರ ತೊಂದರೆಗಳು. ಮೂತ್ರಪಿಂಡ ಸೊರಗಿದ್ದರೆ ಪ್ರಮಾಣ ತಗ್ಗಿಸಬೇಕು. ಅಮಿಟ್ರಿಪ್ಟಿಲಿನ್‌ನಂತಹ ಖಿನ್ನತೆಯ ಮಾತ್ರೆಗಳನ್ನೂ ಕೆಲವರಿಗೆ ಕೊಡುತ್ತಾರೆ. ಅದು ಬಾಯನ್ನು ಒಣಗಿಸುತ್ತದೆ, ಮೊದಲೇ ಒಣಗಿದ ಬಾಯಿಗೆ ಹಿತವಲ್ಲ.

ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಬಗ್ಗೆ ಕೇಳಿದಾಗ ಅಮ್ಮ, "ಉರಿಗೆ ಉರಿಯೇ ಮದ್ದೇ?" ಎಂದಳು. ನೋವಿನ ನರತುದಿಯನ್ನು ಪದೇಪದೇ ಕೆಣಕಿ ಸುಸ್ತಾಗಿಸುವುದು ಅದರ ತಂತ್ರ. ಬಾಯಿ ಮುಕ್ಕಳಿಸುವ ದ್ರವವಾಗಿ ಬಳಸಿದ ಒಂದು ಚಿಕ್ಕ ಪ್ರಯೋಗ ದೀರ್ಘಾವಧಿಯಲ್ಲಿ ಲಾಭ ತೋರಿಸಿದೆ, ಆದರೆ ಅದರಲ್ಲಿದ್ದವರು 18 ಮಂದಿ. ಕ್ಯಾಪ್ಸೂಲ್ ಆಗಿ ನುಂಗಿಸಿದಾಗ ತಿಂಗಳ ಕೊನೆಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಹೊಟ್ಟೆನೋವು ಬಂತು. ಆರಂಭದ ಉರಿ ತಾಳುವ ಧೈರ್ಯವಿದ್ದವರಿಗೆ ಮಾತ್ರ ಈ ದಾರಿ.

ಕಡಿಮೆ ಶಕ್ತಿಯ ಲೇಸರ್‌ಗೆ ಹಲವು ಸಲ ಹೋಗಿ ಬರಬೇಕು. ಒಂದೊಂದು ಕಡೆ ಒಂದೊಂದು ತರಂಗ, ಒಂದೊಂದು ಅವಧಿ, ಹಾಗಾಗಿ ಹೋಲಿಸುವುದೇ ಕಷ್ಟ.

ಮಾತಿನ ಚಿಕಿತ್ಸೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಅರಿವಿನ ಚಿಕಿತ್ಸೆ, ನನಗೆ ಆಶ್ಚರ್ಯ ತಂದದ್ದು. ಸ್ವೀಡನ್ನಿನಲ್ಲಿ 1995ರಲ್ಲಿ 30 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಮಂದಿ ವಾರಕ್ಕೊಮ್ಮೆ, 12ರಿಂದ 15 ಸಲ ಕೂತು ಮಾತಾಡಿದರು. ನೋವು ಇಳಿಯಿತು, ಆರು ತಿಂಗಳಾದ ಮೇಲೂ ಇಳಿದೇ ಇತ್ತು. ಇದು "ಮನಸ್ಸಿನ ಕಾಯಿಲೆ" ಎಂಬುದಕ್ಕೆ ಸಾಕ್ಷಿಯಲ್ಲ. ನೋವಿನ ಸದ್ದನ್ನು ಏರಿಸುವುದೂ ಇಳಿಸುವುದೂ ಮಿದುಳೇ, ಅದಕ್ಕೆ ತರಬೇತಿ ಕೊಡಬಹುದು ಎಂದಷ್ಟೇ. ಅಡ್ಡಪರಿಣಾಮ ಇಲ್ಲವೆಂದೇ ಹೇಳಬಹುದಾದ ದಾರಿ, ಆದರೆ ಸಮಯ ಬೇಡುತ್ತದೆ, ನುರಿತವರು ಬೇಕು.

ಇನ್ನು ಏನನ್ನೂ ಮಾಡದೆ ಕಾಯುವುದು. ಇದೂ ಆಯ್ಕೆಯೇ. 2006ರ ಇಟಲಿಯ ಅಧ್ಯಯನವೊಂದರಲ್ಲಿ ಐದು ವರ್ಷದೊಳಗೆ ಉರಿ ತಾನಾಗಿಯೇ ಪೂರ್ತಿ ಹೋದದ್ದು ನೂರಕ್ಕೆ ಮೂರು ನಾಲ್ಕು ಮಂದಿಗೆ ಮಾತ್ರ. ಭಾಗಶಃ ಇಳಿದವರು ಅದಕ್ಕಿಂತ ಹೆಚ್ಚು. ಉರಿ ಎರಡು ಮೂರರಲ್ಲೇ ಇದ್ದು, ನಿದ್ದೆ ಕೆಡದೆ ದಿನದ ಕೆಲಸ ನಡೆಯುತ್ತಿದ್ದರೆ, ಕಾರಣಗಳನ್ನು ತಳ್ಳಿಹಾಕಿದ ಮೇಲೆ ಕಾಯುವುದರಲ್ಲಿ ತಪ್ಪಿಲ್ಲ.

ಹಾಗಾದರೆ ಯಾರು ಎಲ್ಲಿಂದ ಶುರುಮಾಡುವುದು?

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಉರಿ ಐದಕ್ಕಿಂತ ಮೇಲಿದ್ದು ಬದುಕು ಕೆಡುತ್ತಿದ್ದರೆ, ತೂಕಡಿಕೆಯ ಅಪಾಯ ಹೆಚ್ಚಿಲ್ಲದವರು ವೈದ್ಯರೊಂದಿಗೆ ಬಾಯಲ್ಲಿ ಹಿಡಿಯುವ ಕ್ಲೋನಾಜೆಪಾಮ್ ಬಗ್ಗೆ ಮೊದಲು ಮಾತಾಡಬೇಕು. ಕೆಲಸಮಾಡುತ್ತದೋ ಇಲ್ಲವೋ ಎರಡು ವಾರದಲ್ಲೇ ಗೊತ್ತಾಗುತ್ತದೆ. ಲಿಪೋಯಿಕ್ ಆಮ್ಲಕ್ಕೆ ಎರಡು ತಿಂಗಳು ಕಾಯಬೇಕು.

ಲಿಪೋಯಿಕ್ ಆಮ್ಲ ಹೊಂದುವುದು ಬೇರೆ ಬಗೆಯವರಿಗೆ: ಈಗಾಗಲೇ ಹಲವು ಮಾತ್ರೆ ನುಂಗುತ್ತಾ ಮಂಪರಿನ ಔಷಧ ಬೇಡವೆನ್ನುವವರು, ಬಿದ್ದು ಮೂಳೆ ಮುರಿದ ಇತಿಹಾಸವಿರುವವರು, ವಾಹನ ಓಡಿಸಲೇಬೇಕಾದವರು. ಮಧುಮೇಹದಿಂದ ಕಾಲೂ ಉರಿಯುವವರಿಗೂ ಒಂದು ಕಾರಣವಿದೆ, ಸಕ್ಕರೆಯನ್ನು ಆಗಾಗ ನೋಡಿಕೊಳ್ಳುವುದಾದರೆ. ಒಂದರಿಂದಲೇ ಸಾಲದಿದ್ದರೆ ಗ್ಯಾಬಾಪೆಂಟಿನ್ ಜೊತೆ ಸೇರಿಸುವ ಮಾತನ್ನು ವೈದ್ಯರ ಮುಂದೆ ಇಡಬಹುದು. ಅದನ್ನು ಬೆಂಬಲಿಸುವುದು ಮುಖ್ಯವಾಗಿ ಆ ಒಂದು ಪ್ರಯೋಗವೇ ಎಂಬುದು ನೆನಪಿರಲಿ. ಮಾತಿನ ಚಿಕಿತ್ಸೆ ಯಾವುದರ ಜೊತೆಗೂ ನಡೆಯುತ್ತದೆ, ಆದ್ದರಿಂದ ಸಿಗುವವರು ಮೊದಲ ದಿನದಿಂದಲೇ ಶುರುಮಾಡಬಹುದು.

ಮಾಡಬಾರದ್ದು ಒಂದಿದೆ: ಎಲ್ಲವನ್ನೂ ಒಟ್ಟಿಗೆ ಶುರುಮಾಡುವುದು. ಲಿಪೋಯಿಕ್, ಬಿ ವಿಟಮಿನ್, ಸತು, ಹೊಸ ಟೂತ್‌ಪೇಸ್ಟ್, ಎಲ್ಲ ಒಂದೇ ಸೋಮವಾರ. ಉರಿ ಇಳಿದರೆ ಯಾವುದಕ್ಕೆ ಎಂದು ಗೊತ್ತಾಗದೆ ನಾಲ್ಕನ್ನೂ ವರ್ಷಗಟ್ಟಲೆ ಹೊತ್ತು ತಿರುಗಬೇಕಾಗುತ್ತದೆ.

ಮನೆಯಲ್ಲೇ ಪರೀಕ್ಷಿಸುವ ಬಗೆ

ದೊಡ್ಡ ಪ್ರಯೋಗಗಳೇ ಒಮ್ಮತಕ್ಕೆ ಬಾರದಿದ್ದಾಗ, ನಿಮ್ಮ ನಾಲಗೆಯ ಮಟ್ಟಿಗೆ ಉತ್ತರ ಸಿಗಬೇಕಾದದ್ದು ನಿಮ್ಮ ನೋಟುಪುಸ್ತಕದಲ್ಲೇ. ನಾವು ಮಾಡಿದ್ದನ್ನು ಹೇಳುತ್ತೇನೆ.

ದಿನಕ್ಕೆ ಮೂರು ಹೊತ್ತು, ಎದ್ದ ಮೇಲೆ, ಮಧ್ಯಾಹ್ನ ಮೂರಕ್ಕೆ, ಮಲಗುವ ಮುನ್ನ, ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕೆ. ಹಿಂದಿನ ಪುಟ ನೋಡದೆ ಬರೆಯಬೇಕು. ಅದಕ್ಕಾಗಿ ನಾನು ಬರೆದ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚುತ್ತಿದ್ದೆ. ಎರಡು ವಾರ ಏನೂ ಶುರುಮಾಡದೆ ಬರೆದು, ಕೊನೆಯ ಏಳು ದಿನಗಳ ಸರಾಸರಿ ತೆಗೆದೆವು. ರಾತ್ರಿಯ ಸರಾಸರಿ 6.3. ಆಮೇಲೆ, ಮಾತ್ರೆ ಶುರುಮಾಡುವ ಮೊದಲೇ, ಪುಟದ ಮೇಲೆ ಶಾಯಿಯಲ್ಲಿ ಗೆರೆ ಎಳೆದೆವು: ಎಂಟನೆಯ ವಾರದ ಸರಾಸರಿ 4.3ಕ್ಕೆ ಇಳಿದರೆ ಮುಂದುವರಿಕೆ, ಇಲ್ಲದಿದ್ದರೆ ನಿಲುಗಡೆ. ಎರಡು ಅಂಕೆ ಎಂಬುದು ನಮ್ಮ ಊಹೆಯಲ್ಲ. 2001ರಲ್ಲಿ ಹತ್ತು ಪ್ರಯೋಗಗಳ 2,724 ದೀರ್ಘಕಾಲದ ನೋವಿನ ರೋಗಿಗಳ ಅಂಕೆಗಳನ್ನು ಪರಿಶೀಲಿಸಿದಾಗ, "ನಿಜವಾಗಿಯೂ ಮೇಲು" ಎಂದು ರೋಗಿಗಳೇ ಹೇಳಿದ್ದು ಸುಮಾರು ಎರಡು ಅಂಕೆ, ಅಥವಾ ಶೇ 30ರಷ್ಟು ಇಳಿದಾಗ. ಗೆರೆಯನ್ನು ಮೊದಲೇ ಎಳೆಯದಿದ್ದರೆ, ಎಂಟು ವಾರದ ನಂತರ ಆಸೆ ತನಗೆ ಬೇಕಾದ ಕಡೆ ಗೆರೆ ಎಳೆಯುತ್ತದೆ.

ಆ ಎಂಟು ವಾರ ಬೇರೇನನ್ನೂ ಬದಲಿಸಬಾರದು. ಫಲ ಕಂಡರೆ ಪರೀಕ್ಷೆ ಇನ್ನೂ ಮುಗಿದಿಲ್ಲ: ವೈದ್ಯರಿಗೆ ಹೇಳಿ ಕೆಲವು ವಾರ ಲಿಪೋಯಿಕ್ ನಿಲ್ಲಿಸಿ ನೋಡಬೇಕು. ಉರಿ ಮತ್ತೆ ಏರಿ, ಮರಳಿ ಶುರುಮಾಡಿದಾಗ ಮತ್ತೆ ಇಳಿದರೆ ಮಾತ್ರೆಯ ಮೇಲಿನ ನಂಬಿಕೆಗೆ ಆಧಾರ ಸಿಗುತ್ತದೆ. ನಿಲ್ಲಿಸಿದರೂ ಏರದಿದ್ದರೆ ಒಂದು ಮಾತ್ರೆ ಕಡಿಮೆಯಾಯಿತು, ಅದೂ ಲಾಭವೇ. ಇನ್ನೂ ಬಿಗಿಯಾಗಿ ನೋಡಬೇಕೆನ್ನುವವರಿಗೆ, ಒಪ್ಪುವ ವೈದ್ಯರೂ ಔಷಧ ತಯಾರಿಸುವವರೂ ಸಿಕ್ಕರೆ, ಒಂದೇ ಬಗೆಯ ಕ್ಯಾಪ್ಸೂಲ್‌ಗಳಲ್ಲಿ ಕೆಲವು ವಾರ ನಿಜವನ್ನೂ ಕೆಲವು ವಾರ ಹುಸಿಯನ್ನೂ ತುಂಬಿಸಿ, ಯಾವುದು ಯಾವಾಗ ಎಂದು ನುಂಗುವವರಿಗೆ ತಿಳಿಯದ ಹಾಗೆ ಕೊಡಬಹುದು. ಕ್ಲೋನಾಜೆಪಾಮ್‌ನೊಂದಿಗೆ ಮಾತ್ರ ಈ ನಿಲ್ಲಿಸಿ ಶುರುಮಾಡುವ ಆಟ ಬೇಡ. ಅದನ್ನು ಇಳಿಸುವುದು ನಿಧಾನವಾಗಿ, ವೈದ್ಯರ ಲೆಕ್ಕದಲ್ಲಿ.

ಎಂಟನೆಯ ವಾರದ ಕೊನೆಯ ದಿನ ಕ್ಲಿಪ್ ತೆಗೆದು, ಊಟದ ಮೇಜಿನ ಮೇಲೆ ಪುಟಗಳನ್ನು ಹರಡಿ ಕೂಡಿಸಿದೆವು. 5.7. ಗೆರೆಯ ಹತ್ತಿರಕ್ಕೂ ಬಂದಿರಲಿಲ್ಲ. ಅಮ್ಮ ಇನ್ನೊಮ್ಮೆ ಕೂಡಿಸು ಎಂದಳು, ಕೂಡಿಸಿದೆ, ಅಷ್ಟೇ ಬಂತು. "ಆದರೂ ಸ್ವಲ್ಪ ಇಳಿದಿದೆಯಲ್ಲ" ಎಂದಳು. ನಾನು ಏನೂ ಹೇಳದೆ ಪುಟದ ಮೇಲಿನ ಗೆರೆಯನ್ನು ತೋರಿಸಿದೆ. ಆ ಗೆರೆ ಎಳೆದದ್ದು ಅವಳ ಕೈಯೇ. ಡಬ್ಬಿಯಲ್ಲಿ ಇನ್ನೂ ಹನ್ನೊಂದು ಮಾತ್ರೆ ಉಳಿದಿದ್ದವು, ಅವನ್ನು ಮತ್ತೆ ತೆಗೆಯಲಿಲ್ಲ.

ಮುಂದಿನ ವಾರ ವೈದ್ಯರೊಂದಿಗೆ ಮಾತಾಡಿ ಕ್ಲೋನಾಜೆಪಾಮ್ ಬಾಯಲ್ಲಿ ಹಿಡಿಯುವುದನ್ನು ಶುರುಮಾಡಿದಳು, ಅವರು ಹೇಳಿದಂತೆ ಕಡಿಮೆ ಪ್ರಮಾಣದಲ್ಲಿ, ರಾತ್ರಿ ಎದ್ದರೆ ದೀಪ ಹಾಕಿಯೇ ನಡೆಯಬೇಕೆಂಬ ಕಟ್ಟಪ್ಪಣೆಯೊಂದಿಗೆ. ಎರಡು ವಾರದ ಸರಾಸರಿ 4.1. ನಮ್ಮ ಪರಿಚಯದ ಇನ್ನೊಬ್ಬ ಹೆಂಗಸಿಗೆ ಇದೇ ಲೆಕ್ಕದಲ್ಲಿ ಲಿಪೋಯಿಕ್ ಆಮ್ಲವೇ ಗೆರೆ ದಾಟಿಸಿತು, ನಿಲ್ಲಿಸಿದಾಗ ಉರಿ ಮತ್ತೆ ಏರಿತು, ಅವರು ಅದನ್ನೇ ಮುಂದುವರಿಸಿದ್ದಾರೆ. ಅಮ್ಮನ ನೋಟುಪುಸ್ತಕದಲ್ಲಿ ಈಗ ಹೊಸ ಪುಟ ಶುರುವಾಗಿದೆ, ಮೇಲೆ ಹೊಸ ಗೆರೆ ಇದೆ: ಮೂರು.